ಹಿಮಸಮುದ್ರದ ದಾರಿಯನ್ನು ಹುಡುಕಿದ ಸರ್ ಜಾನ್ ಫ್ರಾಂಕ್ಲಿನ್

ಕಲ್ಯಾಣ ಹುಮನಾಬಾದ ಸೀಮೆಯ ನಮ್ಮ ಸಭೆಗಳವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಸ್ವಲ್ಪ ಮಂದಿ. ಹೆಪ್ಪುಗಟ್ಟಿದ ನೀರನ್ನಾದರೋ ನಾವು ಎರಡು ವಿಧದಲ್ಲಿ ಮಾತ್ರ ಬಲ್ಲೆವು: ಪೇಟೆಯಲ್ಲಿ ಮಾರುವ ಬರ್ಫ ಒಂದು, ಬೇಸಿಗೆಯ ಮೊದಲಲ್ಲಿ ಗುಡುಗಿನೊಡನೆ ಸುರಿದು, ಮಾವಿನ ಹೂವನ್ನೂ ಕೊಯ್ಲಿಗೆ ಬಂದ ಜೋಳವನ್ನೂ ನೆಲಕ್ಕೆ ಕೆಡಹುವ ಆಣೆಕಲ್ಲು ಇನ್ನೊಂದು. ಆ ಆಣೆಕಲ್ಲು ಅಂಗೈಯಲ್ಲಿ ಕ್ಷಣಹೊತ್ತು ನಿಂತು ಕರಗಿಹೋಗುವದು. ಆದರೆ ಭೂಮಿಯ ಉತ್ತರ ತುದಿಯಲ್ಲಿ ಒಂದು ಸಮುದ್ರವುಂಟು. ಅಲ್ಲಿ ವರುಷದ ಬಹುಭಾಗ ನೀರೇ ಕಲ್ಲಾಗಿ ನಿಲ್ಲುವದು. ಆ ನೀರ್ಗಲ್ಲು ಒಂದಾಳು ಎರಡಾಳು ದಪ್ಪವಾಗಿ ಬೆಳೆದು, ಗಾಳಿಯಿಂದಲೂ ಪ್ರವಾಹದಿಂದಲೂ ನೂಕಲ್ಪಟ್ಟು, ಹಡಗುಗಳನ್ನು ಗಾಣಕ್ಕೆ ಸಿಕ್ಕಿದ ಕಬ್ಬಿನಂತೆ ಹಿಂಡಿಬಿಡುವದು. ಚಳಿಗಾಲದಲ್ಲಿ ಎರಡು ಮೂರು ತಿಂಗಳು ಅಲ್ಲಿ ಸೂರ್ಯನ ಮುಖವೇ ಕಾಣಿಸದು. ಆ ಸಮುದ್ರದೊಳಗೆ ದಾರಿಯನ್ನು ಹುಡುಕುವದರಲ್ಲಿ ತನ್ನ ಪ್ರಾಣವನ್ನು ಸವೆಯಿಸಿದ ಒಬ್ಬ ದೈವಭಕ್ತ ನಾವಿಕನ ಚರಿತ್ರೆಯನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ. ಇದು ಜಯದ ಚರಿತ್ರೆಯಲ್ಲ. ಆದರೂ ನಮ್ಮ ಹಳ್ಳಿಯ ಸಭೆಗಳು ಇದರಿಂದ ಕಲಿಯತಕ್ಕ ಸಂಗತಿ ಬಹಳವಿದೆ.

ಆ ದಾರಿಯ ಸಂಗತಿ

ಅಮೇರಿಕಾ ಖಂಡದ ಉತ್ತರ ದಿಕ್ಕಿನಲ್ಲಿ ಚದರಿಬಿದ್ದ ಅನೇಕ ದ್ವೀಪಗಳುಂಟು. ಆ ದ್ವೀಪಗಳ ಸಂದುಗಳಲ್ಲಿ, ಪೂರ್ವದ ಅಟ್ಲಾಂಟಿಕ್ ಸಾಗರದಿಂದ ಪಶ್ಚಿಮದ ಪೆಸಿಫಿಕ್ ಸಾಗರಕ್ಕೆ ಹೋಗುವ ಇಕ್ಕಟ್ಟಾದ ಜಲಮಾರ್ಗವಿದೆ. ಇದಕ್ಕೆ ವಾಯವ್ಯ ಮಾರ್ಗವೆಂದು ಹೆಸರು. ಇದರ ಉದ್ದ ಸುಮಾರು ೯೦೦ ಮೈಲು. ಯೂರೋಪಿನವರು ಇದನ್ನು ಮುನ್ನೂರು ನಾನೂರು ವರುಷ ಹುಡುಕಿದ್ದಕ್ಕೆ ನಮ್ಮ ಪೂರ್ವದೇಶಗಳೇ ಕಾರಣವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಹಿಂದೂದೇಶದ ಮೆಣಸು ಬಟ್ಟೆಗಳೂ ಚೀನದ ರೇಶ್ಮೆ ಚಹಗಳೂ ಅವರಿಗೆ ಬೇಕಾಗಿದ್ದವು. ಸುಯೆಜ್ ಕಾಲುವೆಯು ೧೮೬೯ರಲ್ಲಿ ತೆರೆಯಲ್ಪಡುವ ಮೊದಲು ಅವರ ಹಡಗುಗಳು ಆಫ್ರಿಕಾ ಖಂಡವನ್ನು ಪೂರ್ಣವಾಗಿ ಸುತ್ತಿಕೊಂಡು, ಎಷ್ಟೋ ತಿಂಗಳು ನೀರಿನ ಮೇಲೆ ಕಳೆದು, ಇಲ್ಲಿಗೆ ಬರಬೇಕಾಗಿತ್ತು. ಉತ್ತರದಲ್ಲಿ ಒಂದು ದಾರಿ ಸಿಕ್ಕಿದರೆ ಪ್ರಯಾಣವು ಬಹಳ ಕಡಿಮೆಯಾಗುವದೆಂದು ಅವರು ಎಣಿಸಿದರು. ೧೫೭೬ರಲ್ಲಿ ಫ್ರೋಬಿಷರನೂ ೧೬೧೦ರಲ್ಲಿ ಹಡ್ಸನನೂ ಈ ದಾರಿಗಾಗಿಯೇ ಹೊರಟರು. ಹಡ್ಸನನ ಸ್ವಂತ ಜನರೇ ಮರುವರುಷ ಅವನ ಮೇಲೆ ತಿರುಗಿಬಿದ್ದು, ಅವನನ್ನೂ ಅವನ ಮಗನನ್ನೂ ಸಣ್ಣ ದೋಣಿಯಲ್ಲಿ ಬಿಟ್ಟು ಹೋದರು. ಹೀಗೆ ಆ ನೀರ್ಗಲ್ಲು ಅನೇಕರನ್ನು ನುಂಗಿತ್ತು.

ಬಾಲ್ಯವೂ ಯೌವನವೂ

ಜಾನ್ ಫ್ರಾಂಕ್ಲಿನ್ ೧೭೮೬ನೇ ಏಪ್ರಿಲ್ ೧೬ರಂದು ಇಂಗ್ಲಂಡಿನ ಸ್ಪಿಲ್ಸ್‌ಬಿ ಎಂಬ ಸಣ್ಣ ಊರಲ್ಲಿ ಹುಟ್ಟಿದನು. ತಂದೆಯು ಬಟ್ಟೆ ವ್ಯಾಪಾರಿ. ಹನ್ನೆರಡು ಮಕ್ಕಳಲ್ಲಿ ಇವನು ಒಂಭತ್ತನೆಯವನು. ಹುಡುಗನು ಸಮುದ್ರವನ್ನು ಕಂಡಂದಿನಿಂದ ನಾವಿಕನಾಗಬೇಕೆಂದು ಹಟಹಿಡಿದನು. ತಂದೆಗೆ ಇದು ಮನಸ್ಸಿಗೆ ಬರಲಿಲ್ಲ. ಒಂದು ಸಾರಿ ಸಮುದ್ರದ ಕಷ್ಟವನ್ನು ಉಂಡರೆ ಹುಚ್ಚು ಬಿಡುವದೆಂದು ತಿಳಿದು, ಅವನನ್ನು ಒಂದು ವ್ಯಾಪಾರದ ಹಡಗಿನಲ್ಲಿ ಲಿಸ್ಬನ್ ಪಟ್ಟಣಕ್ಕೆ ಕಳುಹಿಸಿದನು. ಹುಡುಗನು ಮೊದಲಿಗಿಂತಲೂ ಹೆಚ್ಚಿನ ಆಶೆಯಿಂದ ತಿರಿಗಿ ಬಂದನು. ಆಗ ತಂದೆಯು ಒಪ್ಪಿಕೊಂಡನು. ೧೮೦೦ರಲ್ಲಿ, ಹದಿನಾಲ್ಕು ವರುಷದ ಪ್ರಾಯದಲ್ಲಿ, ಅವನು ಅರಸರ ನೌಕಾದಳವನ್ನು ಸೇರಿದನು.

ಆ ಬಾಲ್ಯದಲ್ಲಿಯೇ ಅವನು ೧೮೦೧ರ ಕೋಪನ್‌ಹೇಗನ್ ಯುದ್ಧವನ್ನು ಕಂಡನು. ತರುವಾಯ ತನ್ನ ಬಂಧುವಾದ ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ನಾಯಕನೊಡನೆ ಆಸ್ಟ್ರೇಲಿಯಾ ಖಂಡವನ್ನು ಸುತ್ತಿ, ಕರಾವಳಿಯ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತನು. ೧೮೦೩ರಲ್ಲಿ ಹಡಗು ಬಂಡೆಗೆ ತಾಗಿ ಒಡೆಯಲು, ಮರಳಿನ ದಿಬ್ಬದ ಮೇಲೆ ದಿನಗಳನ್ನು ಕಳೆದನು. ೧೮೦೫ರ ಟ್ರಫಾಲ್ಗರ್ ಯುದ್ಧದಲ್ಲಿ ಅವನು ಸಂಜ್ಞೆಯ ಬಾವುಟಗಳನ್ನು ನೋಡಿಕೊಳ್ಳುತ್ತಿದ್ದನು. ಆ ಮನೆತನಕ್ಕೂ ನಮ್ಮ ದೇಶಕ್ಕೂ ಸಂಬಂಧವಿತ್ತು. ಅಣ್ಣನಾದ ಸರ್ ವಿಲ್ಲಿಂಗ್‌ಹ್ಯಾಮ್ ಫ್ರಾಂಕ್ಲಿನ್ ಮದರಾಸಿನ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರಾಗಿದ್ದು ೧೮೨೪ರಲ್ಲಿ ಅಲ್ಲಿಯೇ ತೀರಿಕೊಂಡರು. ಇನ್ನೊಬ್ಬ ಅಣ್ಣನಾದ ಜೇಮ್ಸ್ ಬಂಗಾಳದ ಸೈನ್ಯದಲ್ಲಿದ್ದು ಬುಂದೇಲಖಂಡದ ಭೂಮಿಯನ್ನು ಅಳೆದರು.

ಹಸಿವೆಯ ದಾರಿ

೧೮೧೯ರಲ್ಲಿ ಸರಕಾರವು ಫ್ರಾಂಕ್ಲಿನ್ ಸಾಹೇಬರನ್ನು ಅಮೇರಿಕಾದ ಉತ್ತರ ಕರಾವಳಿಯ ನಕ್ಷೆ ಬರೆಯುವದಕ್ಕೆ ನೆಲದ ಮಾರ್ಗವಾಗಿ ಕಳುಹಿಸಿತು. ಅವರ ಸಂಗಡ ರಿಚರ್ಡ್‌ಸನ್ ಎಂಬ ಭಕ್ತಿವಂತರಾದ ವೈದ್ಯರು ಇದ್ದರು. ಆ ನಾಡಿನ ಮೂಲನಿವಾಸಿಗಳ ನಾಯಕನಾದ ಅಕೈಚೊ ಎಂಬವನು ಬೇಟೆಯಾಡಿ ಅವರಿಗೆ ಮಾಂಸವನ್ನು ಒದಗಿಸುತ್ತಿದ್ದನು. ಸಮುದ್ರದ ದಡಕ್ಕೆ ಹೋಗುವದು ಅಪಾಯವೆಂದೂ ಚಳಿಗಾಲದೊಳಗೆ ತಿರಿಗಿ ಬರಲಾರಿರೆಂದೂ ಅವನು ಮುಂಚಿತವಾಗಿ ಎಚ್ಚರಿಸಿದ್ದನು. ಆದರೂ ೧೮೨೧ರ ಬೇಸಿಗೆಯಲ್ಲಿ ೨೦ ಮಂದಿಯ ಗುಂಪು ದೋಣಿಗಳಲ್ಲಿ ಕರಾವಳಿಯನ್ನು ಹಿಡಿದು ಪೂರ್ವಕ್ಕೆ ಹೊರಟಿತು. ಅವರು ಹಿಂದಿರುಗುವದಕ್ಕೆ ತಡಮಾಡಿದರು. ಹಿಮವು ಬಿದ್ದಿತು, ಆಹಾರವು ಮುಗಿಯಿತು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯ ಬಂಡೆಪಾಚಿಯನ್ನು ಕೆರೆದು ಬೇಯಿಸಿ ತಿಂದರು. ಅದೂ ಸಿಕ್ಕದಾಗ ಹಳೇ ತೊಗಲನ್ನೂ ತಮ್ಮ ಪಾದರಕ್ಷೆಯ ಚರ್ಮವನ್ನೂ ಸುಟ್ಟು ತಿಂದರು. ಚಳಿಗಾಲಕ್ಕೆಂದು ಕಟ್ಟಿದ್ದ ಮರದ ಮನೆಗೆ ಅಕ್ಟೋಬರ ತಿಂಗಳಲ್ಲಿ ಬಂದು ಸೇರಿದಾಗ, ಅಲ್ಲಿ ಕೂಡಿಡಲ್ಪಟ್ಟಿರಬೇಕಾಗಿದ್ದ ಆಹಾರವು ಒಂದು ತುತ್ತೂ ಇರಲಿಲ್ಲ. ಹೋದ ವರುಷ ತಿಪ್ಪೆಗೆ ಎಸೆದ ಎಲುಬುಗಳನ್ನು ಆರಿಸಿ ಕುದಿಸಿ ಕುಡಿದರು.

ಇಂಥ ಸಂಕಟದಲ್ಲಿಯೂ ಅವರು ಬೆಳಿಗ್ಗೆ ಸಂಜೆಯ ಪ್ರಾರ್ಥನೆಯನ್ನು ಬಿಡಲಿಲ್ಲ. ಹೊರಡುವಾಗ ಒಬ್ಬ ದೊರೆಸಾನಿಯು ಕೊಟ್ಟಿದ್ದ ಭಕ್ತಿಯ ಪುಸ್ತಕಗಳನ್ನು ಓದಿಕೊಂಡು ಒಬ್ಬರನ್ನೊಬ್ಬರು ಸಂತೈಸುತ್ತಿದ್ದರು. ೨೦ ಮಂದಿಯಲ್ಲಿ ೧೧ ಮಂದಿ ಸತ್ತುಹೋದರು. ಉಳಿದವರು ಎದ್ದು ನಿಲ್ಲಲಾರದೆ ಬಿದ್ದಿರಲಾಗಿ, ನವೆಂಬರ ೭ರಂದು ಅಕೈಚೊ ಕಳುಹಿಸಿದ ಜನರು ಮಾಂಸವನ್ನು ಹೊತ್ತುಕೊಂಡು ಬಂದರು. ಅವರು ಮನೆಯನ್ನು ಗುಡಿಸಿ, ಬೆಂಕಿಯನ್ನು ಹೊತ್ತಿಸಿ, ಆ ಬಿಳಿಯರನ್ನು ತೊಳೆದು, ಕೂಸುಗಳಿಗೆ ಉಣಿಸುವಂತೆ ಉಣಿಸಿದರು. ಅಕೈಚೊನಿಗೆ ಕೊಡತಕ್ಕ ಸಾಮಾನುಗಳು ಆ ವರುಷ ಬಂದು ಮುಟ್ಟಲಿಲ್ಲ. ಅದಕ್ಕಾಗಿ ಅವನು ಕಠಿಣವಾದ ಮಾತನ್ನು ಆಡಲಿಲ್ಲ. ಯೆರಿಕೋವಿನ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡ ಸಮಾರ್ಯದವನ ಸಾಮ್ಯವನ್ನು ನಮ್ಮ ವಾಚಕರು ಇಲ್ಲಿ ನೆನಸಿಕೊಳ್ಳಬಹುದು.

ದ್ವಿಭಾಷಿಯಾದ ಆಗಸ್ಟಸ್

ಸಾಹೇಬರು ಊರಿಗೆ ಬಂದು ೧೮೨೩ರಲ್ಲಿ ಎಲಿನರ್ ಎಂಬ ಕವಯಿತ್ರಿಯನ್ನು ಮದುವೆಯಾದರು. ಆಕೆಗೆ ಒಬ್ಬ ಮಗಳು ಹುಟ್ಟಿದ ಮೇಲೆ ಕ್ಷಯರೋಗವು ಹೆಚ್ಚಿತು. ೧೮೨೫ರಲ್ಲಿ ಸರಕಾರವು ಅವರನ್ನು ತಿರಿಗಿ ಉತ್ತರಕ್ಕೆ ಕಳುಹಿಸಿತು. ಆಕೆಯು ತಡೆಯಲಿಲ್ಲ, ತನ್ನ ಕೈಯಿಂದಲೇ ಹೊಲಿದ ರೇಶ್ಮೆಯ ಬಾವುಟವನ್ನು ಕೊಟ್ಟು, ಸಮುದ್ರದ ದಡವನ್ನು ಮುಟ್ಟಿದ ದಿವಸ ಇದನ್ನು ಹಾರಿಸಬೇಕೆಂದು ಕೇಳಿಕೊಂಡಳು. ಅವರು ಹೊರಟ ಆರು ದಿವಸಕ್ಕೆ ಆಕೆಯು ತೀರಿಕೊಂಡಳು. ದಾರಿಯಲ್ಲಿ ಆ ಸುದ್ದಿ ಅವರಿಗೆ ಮುಟ್ಟಿತು. ಆದರೂ ದಡವನ್ನು ಕಂಡ ದಿವಸ, ದುಃಖವನ್ನು ಸಂಗಡಿಗರಿಗೆ ತೋರಿಸದೆ, ಕೊಟ್ಟ ಮಾತಿನ ಪ್ರಕಾರ ಬಾವುಟವನ್ನು ಹಾರಿಸಿದರು.

ಉತ್ತರ ಸಮುದ್ರದ ದಡಗಳಲ್ಲಿ ಇನುಯಿಟ್ ಎಂಬ ಜನರು ವಾಸಿಸುತ್ತಾರೆ. ಹಿಂದಿನವರು ಇವರನ್ನು ಎಸ್ಕಿಮೊಗಳೆಂದು ಕರೆಯುತ್ತಿದ್ದರು. ಇನುಯಿಟ್ ಎಂದರೆ ಅವರ ಭಾಷೆಯಲ್ಲಿ ಜನರು ಎಂದರ್ಥ. ಈ ಎರಡನೆಯ ಪ್ರಯಾಣದಲ್ಲಿ ಸಾಹೇಬರ ಸಂಗಡ ಆಗಸ್ಟಸ್ ಎಂಬ ಇನುಯಿಟ್ ದ್ವಿಭಾಷಿಯಿದ್ದನು. ೧೮೨೬ನೇ ಜುಲೈ ತಿಂಗಳಲ್ಲಿ ಮೆಕೆಂಜಿ ನದಿಯ ಮುಖದಲ್ಲಿ ನೂರಾರು ಮಂದಿ ಇನುಯಿಟರು ದೋಣಿಗಳನ್ನು ಮುತ್ತಿ ಸಾಮಾನುಗಳನ್ನು ದೋಚತೊಡಗಿದರು. ಒಂದು ಗುಂಡು ಹಾರಿದ್ದರೆ ಎರಡು ಕಡೆಯವರೂ ಸಾಯುತ್ತಿದ್ದರು. ಆಗ ಆಗಸ್ಟಸನು ಒಬ್ಬನೇ ದಡಕ್ಕೆ ಹೋಗಿ, ಅವರ ಭಾಷೆಯಲ್ಲಿ ಅವರನ್ನು ಗದರಿಸಿ, ಈ ಜನರು ನಿಮಗೆ ಒಳ್ಳೇದನ್ನೇ ಮಾಡಬಂದವರೆಂದು ಬುದ್ಧಿ ಹೇಳಿದನು. ಅವರು ನಾಚಿಕೊಂಡು ಕೆಲವು ಸಾಮಾನುಗಳನ್ನು ಹಿಂದಕ್ಕೆ ಕೊಟ್ಟರು. ಆ ಪ್ರಯಾಣದಲ್ಲಿ ಕರಾವಳಿಯ ನೂರಾರು ಮೈಲುಗಳ ನಕ್ಷೆಯು ತಯಾರಾಯಿತು. ಇದಕ್ಕಾಗಿ ೧೮೨೯ರಲ್ಲಿ ಅರಸರು ಸಾಹೇಬರಿಗೆ ಸರ್ ಎಂಬ ಪದವಿಯನ್ನು ಕೊಟ್ಟರು. ಹೀಗೆ ಎರಡು ಸಾರಿ ಅವರ ಪ್ರಾಣವನ್ನು ಉಳಿಸಿದವರು ಆ ನಾಡಿನ ಮೂಲನಿವಾಸಿಗಳೇ ಎಂಬದನ್ನು ವಾಚಕರು ಮರೆಯಬಾರದು.

ಆಳುವವರಾಗಿ

೧೮೨೮ರಲ್ಲಿ ಅವರು ಜೇನ್ ಗ್ರಿಫಿನ್ ಎಂಬ ಧೈರ್ಯಶಾಲಿಯಾದ ಸ್ತ್ರೀಯನ್ನು ಮದುವೆಯಾದರು. ೧೮೩೭ರಿಂದ ೧೮೪೩ರ ವರೆಗೆ, ಈಗ ಟಾಸ್ಮೇನಿಯವೆಂದು ಕರೆಯಲ್ಪಡುವ ದ್ವೀಪದ ಆಡಳಿತಗಾರರಾಗಿದ್ದರು. ಅಲ್ಲಿಗೆ ಇಂಗ್ಲಂಡಿನ ಅಪರಾಧಿಗಳನ್ನು ಗಡೀಪಾರು ಮಾಡುತ್ತಿದ್ದರು. ಸಾಹೇಬರು ಶಾಲೆಗಳಿಗಾಗಿಯೂ ವಿದ್ಯೆಗಾಗಿಯೂ ದುಡಿದರು. ಆದರೆ ಕೈಕೆಳಗಿನ ಅಧಿಕಾರಿಗಳೊಡನೆ ಹೊಂದಿಕೆಯಾಗದೆ ಹಿಂದಕ್ಕೆ ಕರೆಯಲ್ಪಟ್ಟರು. ಅಲ್ಲಿಯ ಒಂದು ಸಂಗತಿಯನ್ನು ಮುಚ್ಚಿಡುವದು ಸರಿಯಲ್ಲ. ಆ ದ್ವೀಪದ ಮೂಲನಿವಾಸಿಗಳಲ್ಲಿ ಮಥಿನ್ನಾ ಎಂಬ ಸಣ್ಣ ಹುಡುಗಿಯನ್ನು ಅವರು ತಮ್ಮ ಬಂಗಲೆಯಲ್ಲಿ ಇಟ್ಟುಕೊಂಡು ಸಾಕಿ ಓದು ಕಲಿಸಿದರು. ತಾವು ಊರಿಗೆ ಹೊರಟಾಗ ಅವಳನ್ನು ಅನಾಥಶಾಲೆಯಲ್ಲಿ ಬಿಟ್ಟುಹೋದರು. ಅವಳು ಯಾರವಳೂ ಆಗದೆ ಎಳೇ ಪ್ರಾಯದಲ್ಲಿಯೇ ಸತ್ತಳು. ಭಕ್ತರಾದವರ ಚರಿತ್ರೆಯಲ್ಲಿಯೂ ಇಂಥ ಕೊರತೆಗಳುಂಟು. ದಾವೀದ ಪೇತ್ರರ ಕೊರತೆಗಳನ್ನು ಸತ್ಯವೇದವು ಮರೆಮಾಡುವದಿಲ್ಲವಷ್ಟೆ.

ಕಡೆಯ ಪ್ರಯಾಣ

೧೮೪೫ರ ಹೊತ್ತಿಗೆ ವಾಯವ್ಯ ಮಾರ್ಗದ ನಕ್ಷೆಯಲ್ಲಿ ನಡುವಣ ಕೆಲವು ನೂರು ಮೈಲು ಮಾತ್ರ ಖಾಲಿಯಾಗಿ ಉಳಿದಿತ್ತು. ಅದನ್ನು ತುಂಬಿಸುವದಕ್ಕೆ ೫೯ ವರುಷದ ಫ್ರಾಂಕ್ಲಿನ್ ಸಾಹೇಬರು ನೇಮಿಸಲ್ಪಟ್ಟರು. ಎರಿಬಸ್, ಟೆರರ್ ಎಂಬ ಎರಡು ಹಡಗುಗಳು ಸಿದ್ಧವಾದವು. ಹಡಗುಗಳ ಮುಂಭಾಗಕ್ಕೆ ಕಬ್ಬಿಣದ ತಗಡನ್ನು ಹೊದಿಸಿದರು. ರೈಲುಗಾಡಿಯ ಉಗಿಯಂತ್ರಗಳನ್ನು ಒಳಗಿಟ್ಟರು. ಮೂರು ವರುಷಕ್ಕೆ ಸಾಕಾಗುವ ಆಹಾರವನ್ನೂ ಸಾವಿರಾರು ಮಾಂಸದ ಡಬ್ಬಿಗಳನ್ನೂ ಸಾವಿರಕ್ಕೆ ಮಿಕ್ಕ ಪುಸ್ತಕಗಳನ್ನೂ ತುಂಬಿದರು. ಅಷ್ಟು ಸಿದ್ಧತೆಯಿಂದ ಹಿಮಸಮುದ್ರಕ್ಕೆ ಹೊರಟ ಹಡಗುಗಳು ಅದಕ್ಕೆ ಮುಂಚೆ ಇರಲಿಲ್ಲ. ಆದರೆ ಅಷ್ಟು ಸಾಮಾನಿನ ನಡುವೆ ಒಂದು ಕೊರತೆಯಿತ್ತು: ಆಗಸ್ಟಸನಂಥ ಒಬ್ಬ ಇನುಯಿಟ್ ದ್ವಿಭಾಷಿಯೂ ಆ ಹಡಗುಗಳಲ್ಲಿ ಇರಲಿಲ್ಲ.

ಮೇ ೧೯ರಂದು ಹಡಗುಗಳು ಥೇಮ್ಸ್ ನದಿಯನ್ನು ಬಿಟ್ಟವು. ಭಾನುವಾರಗಳಲ್ಲಿ ಸಾಹೇಬರೇ ಆರಾಧನೆಯನ್ನು ನಡಿಸುತ್ತಿದ್ದರು. ಅವರ ಪ್ರಾರ್ಥನೆಯಿಂದ ತಮಗೆ ಬಲವುಂಟಾಯಿತೆಂದು ಕೈಕೆಳಗಿನ ಅಧಿಕಾರಿಗಳು ಮನೆಗಳಿಗೆ ಕಾಗದ ಬರೆದರು. ಐದು ಮಂದಿ ಗ್ರೀನ್‌ಲೆಂಡಿನಿಂದ ಹಿಂದಿರುಗಲು, ೧೨೯ ಮಂದಿ ಮುಂದಕ್ಕೆ ಹೋದರು. ಜುಲೈ ತಿಂಗಳ ಕೊನೆಯಲ್ಲಿ ತಿಮಿಂಗಿಲದ ಬೇಟೆಗಾರರು ಅವರನ್ನು ಕಂಡರು. ಅನಂತರ ಯೂರೋಪಿನವರಲ್ಲಿ ಯಾರೂ ಅವರನ್ನು ಜೀವದಿಂದ ಕಾಣಲಿಲ್ಲ.

ಮುಂದೆ ನಡೆದದ್ದು ಎಷ್ಟೋ ವರುಷಗಳ ಮೇಲೆ ತಿಳಿದುಬಂತು. ಮೊದಲ ಚಳಿಗಾಲವನ್ನು ಅವರು ಬೀಚಿ ದ್ವೀಪದಲ್ಲಿ ಕಳೆದರು. ಅಲ್ಲಿ ಮೂವರು ಯೌವನಸ್ಥರ ಸಮಾಧಿಗಳಿವೆ. ೧೮೪೬ರ ಬೇಸಿಗೆಯಲ್ಲಿ ದಕ್ಷಿಣಕ್ಕೆ ಇಳಿದು ಕಿಂಗ್ ವಿಲಿಯಮ್ ಎಂಬ ನೆಲದ ಹತ್ತಿರ ಬಂದರು. ಇಲ್ಲಿ ಎರಡು ದಾರಿಗಳಿದ್ದವು. ಪಶ್ಚಿಮದ ದಾರಿಯು ಅಗಲವಾದದ್ದು. ಆದರೆ ಉತ್ತರದ ಮಹಾಸಾಗರದಿಂದ ಅನೇಕ ವರುಷಗಳ ಹಳೇ ನೀರ್ಗಲ್ಲು ನಿರಂತರವಾಗಿ ಅಲ್ಲಿಗೆ ಇಳಿದುಬಂದು ದಡಕ್ಕೆ ಒತ್ತಿಕೊಳ್ಳುವದು. ಪೂರ್ವದ ದಾರಿಯು ಇಕ್ಕಟ್ಟಾದದ್ದು. ಆದರೆ ಆ ನೆಲವೇ ಅಡ್ಡವಾಗಿ ನಿಂತು ಅದನ್ನು ನೀರ್ಗಲ್ಲಿನಿಂದ ಕಾಪಾಡುವದು, ಬೇಸಿಗೆಯಲ್ಲಿ ಅಲ್ಲಿಯ ನೀರು ಬಿಡಿಸಿಕೊಳ್ಳುವದು. ಸಾಹೇಬರ ಕೈಯಲ್ಲಿದ್ದ ನಕ್ಷೆಯು ಪೂರ್ವದ ಕಡೆ ದಾರಿಯೇ ಇಲ್ಲ, ಅದು ಮುಚ್ಚಿದ ಕೊಲ್ಲಿ ಎಂದು ತೋರಿಸಿತು. ಅವರು ನಕ್ಷೆಯನ್ನು ನಂಬಿ ಪಶ್ಚಿಮಕ್ಕೆ ತಿರುಗಿದರು. ಸಪ್ಟಂಬರ ೧೨ರಂದು ಎರಡೂ ಹಡಗುಗಳು ನೀರ್ಗಲ್ಲಿನಲ್ಲಿ ಸಿಕ್ಕಿಕೊಂಡವು. ಮರುವರುಷದ ಬೇಸಿಗೆಯಲ್ಲಿಯೂ ಅದು ಅವರನ್ನು ಬಿಡಲಿಲ್ಲ.

೧೮೪೭ನೇ ಜೂನ್ ೧೧ರಂದು ಫ್ರಾಂಕ್ಲಿನ್ ಸಾಹೇಬರು ತೀರಿಕೊಂಡರು. ಅವರ ಸಮಾಧಿಯು ಇಂದಿನ ವರೆಗೂ ಸಿಕ್ಕಿಲ್ಲ. ೧೮೪೮ನೇ ಏಪ್ರಿಲ್ ತಿಂಗಳಲ್ಲಿ ಉಳಿದ ೧೦೫ ಮಂದಿ ಹಡಗುಗಳನ್ನು ಬಿಟ್ಟು, ಭಾರವಾದ ದೋಣಿಗಳನ್ನು ಜಾರುಬಂಡಿಗಳ ಮೇಲಿಟ್ಟು ಎಳೆಯುತ್ತಾ ದಕ್ಷಿಣಕ್ಕೆ ನಡೆದರು. ಹಸಿವೆ, ಚಳಿ, ಒಸಡು ಕೊಳೆಯುವ ಸ್ಕರ್ವಿ ರೋಗ ಇವುಗಳಿಂದ ಒಬ್ಬೊಬ್ಬರಾಗಿ ಬಿದ್ದರು. ಒಬ್ಬನೂ ಉಳಿಯಲಿಲ್ಲ. ಅದೇ ನಾಡಿನಲ್ಲಿ ಇನುಯಿಟರು ತಮ್ಮ ಹೆಂಡಿರು ಮಕ್ಕಳೊಡನೆ ಬಾಳುತ್ತಿದ್ದರು. ಸೀಲ್ ಎಂಬ ನೀರುಪ್ರಾಣಿಯ ಹಸಿಮಾಂಸವನ್ನು ತಿಂದು ಆ ರೋಗವನ್ನು ದೂರವಿಟ್ಟು, ತುಪ್ಪುಳಿನ ಬಟ್ಟೆಯನ್ನು ತೊಟ್ಟು, ಹಿಮದ ಇಟ್ಟಿಗೆಗಳಿಂದ ಮನೆ ಕಟ್ಟಿಕೊಳ್ಳುವ ವಿದ್ಯೆ ಅವರಲ್ಲಿತ್ತು.

ನಂಬಲ್ಪಡದ ಸಾಕ್ಷಿ

ಹಡಗುಗಳು ಬಾರದಿರಲು ಇಂಗ್ಲಂಡು ಕಳವಳಪಟ್ಟಿತು. ಸರಕಾರವು ೨೦,೦೦೦ ಪೌಂಡುಗಳ ಬಹುಮಾನವನ್ನು ಸಾರಿತು. ಜೇನ್ ಅಮ್ಮನವರು ತಮ್ಮ ಸ್ವತ್ತನ್ನೆಲ್ಲ ವೆಚ್ಚಮಾಡಿ ಹಡಗುಗಳನ್ನು ಕಳುಹಿಸಿದರು. ಹುಡುಕಹೋದವರಲ್ಲಿ ಮೆಕ್ಲೂರ್ ನಾಯಕನ ಜನರು ೧೮೫೦ರಿಂದ ೧೮೫೪ರೊಳಗೆ, ಹಡಗನ್ನು ನೀರ್ಗಲ್ಲಿನಲ್ಲಿ ಬಿಟ್ಟು ಕಾಲ್ನಡೆಯಿಂದ ನಡೆದು, ಆ ಮಾರ್ಗವನ್ನು ಮೊದಲಾಗಿ ದಾಟಿದರು. ಆ ಹಡಗಿನಲ್ಲಿ ಮೊರೇವಿಯನ್ ಸಭೆಯ ಮಿಷನೆರಿಯಾದ ಯೋಹಾನ್ ಮಿರ್ಚಿಂಗ್ ಎಂಬವರು ದ್ವಿಭಾಷಿಯಾಗಿದ್ದರು. ಅವರು ಲಾಬ್ರಡೋರಿನ ಇನುಯಿಟರ ನಡುವೆ ಸುವಾರ್ತೆ ಸಾರುತ್ತಾ ಅವರ ಭಾಷೆಯನ್ನು ಕಲಿತವರು.

೧೮೫೪ರಲ್ಲಿ ಜಾನ್ ರೇ ಎಂಬ ವೈದ್ಯರು ನಿಜಸ್ಥಿತಿಯನ್ನು ಕಂಡುಕೊಂಡರು. ಇವರು ಇನುಯಿಟರಂತೆ ಉಟ್ಟು ಉಂಡು ನಡೆಯುವದನ್ನು ಕಲಿತಿದ್ದರು. ಇನುಯಿಟರು ಅವರಿಗೆ ಹೇಳಿದ್ದೇನಂದರೆ: ಕೆಲವು ಚಳಿಗಾಲಗಳ ಹಿಂದೆ ಸುಮಾರು ೪೦ ಮಂದಿ ಬಿಳಿಯರು ದೋಣಿಯನ್ನು ಎಳೆಯುತ್ತಾ ದಕ್ಷಿಣಕ್ಕೆ ಹೋದರು, ಬಳಿಕ ಅವರ ಹೆಣಗಳು ಸಿಕ್ಕಿದವು, ಹಸಿವೆಯ ಕಡೇ ಗಳಿಗೆಯಲ್ಲಿ ಅವರು ಸತ್ತವರ ಮಾಂಸವನ್ನು ತಿಂದಿದ್ದರು. ಈ ಮಾತಿಗೆ ಗುರುತಾಗಿ ಅವರು ಫ್ರಾಂಕ್ಲಿನ್ ಸಾಹೇಬರ ಪದಕವನ್ನೂ ಅಧಿಕಾರಿಗಳ ಬೆಳ್ಳಿ ಚಮಚಗಳನ್ನೂ ಕೊಟ್ಟರು. ರೇಯವರು ಕೇಳಿದ್ದನ್ನು ಕೇಳಿದಂತೆ ಸರಕಾರಕ್ಕೆ ಬರೆದರು. ಇಂಗ್ಲಂಡು ಸಿಟ್ಟಿಗೆದ್ದಿತು. ಪ್ರಸಿದ್ಧ ಗ್ರಂಥಕರ್ತನಾದ ಚಾರ್ಲ್ಸ್ ಡಿಕನ್ಸನು ತನ್ನ ಪತ್ರಿಕೆಯಲ್ಲಿ, ಕಾಡುಜನರ ಮಾತನ್ನು ನಂಬಲಾಗದೆಂದೂ ಅವರೇ ಆ ನಾವಿಕರನ್ನು ಕೊಂದಿರಬಹುದೆಂದೂ ಬರೆದನು. ರೇಯವರಿಗೆ ೧೦,೦೦೦ ಪೌಂಡು ಬಹುಮಾನ ದೊರೆಯಿತು. ಆದರೆ ಮರ್ಯಾದೆ ದೊರೆಯಲಿಲ್ಲ. ಇನುಯಿಟರಿಗೆ ಸುಳ್ಳುಗಾರರೆಂಬ ಹೆಸರು ಉಳಿಯಿತು.

ಜೇನ್ ಅಮ್ಮನವರು ಕಳುಹಿಸಿದ ಫಾಕ್ಸ್ ಎಂಬ ಹಡಗಿನ ಜನರು ೧೮೫೯ರಲ್ಲಿ, ಕಲ್ಲುಗುಡ್ಡೆಯೊಳಗಿಟ್ಟ ಡಬ್ಬಿಯಿಂದ ಒಂದು ಕಾಗದವನ್ನು ತೆಗೆದರು. ಸಾಹೇಬರ ಮರಣದ ದಿನವೂ ಹಡಗುಗಳನ್ನು ಬಿಟ್ಟ ದಿನವೂ ಅದರಿಂದಲೇ ತಿಳಿದವು. ಒಂದು ದೋಣಿಯಲ್ಲಿ ಎರಡು ಅಸ್ಥಿಪಂಜರಗಳೂ ಸ್ವಲ್ಪ ಚಹದ ಪುಡಿಯೂ ಸಣ್ಣ ಸತ್ಯವೇದವೂ ಭಕ್ತಿಯ ಪುಸ್ತಕಗಳೂ ಇದ್ದವು. ಸಾಯುವ ತನಕ ಅವರು ಆ ಪುಸ್ತಕಗಳನ್ನು ಎಸೆಯಲಿಲ್ಲ.

ಇನುಯಿಟರ ಮಾತೇನಾಯಿತು? ೧೯೯೦ರ ದಶಕದಲ್ಲಿ ಪಂಡಿತರು ಆ ದ್ವೀಪದಲ್ಲಿ ಸಿಕ್ಕಿದ ಎಲುಬುಗಳನ್ನು ಪರೀಕ್ಷಿಸಿ, ಅವುಗಳ ಮೇಲೆ ಚೂರಿಯ ಗುರುತುಗಳನ್ನು ಕಂಡರು. ಮುದುಕರು ಹೇಳಿದ್ದು ಸತ್ಯವಾಗಿತ್ತು. ಹಡಗೊಂದು ದಕ್ಷಿಣದಲ್ಲಿ ಅಡಿಲೇಡ್ ಎಂಬ ನೆಲದ ಪಶ್ಚಿಮಕ್ಕೆ ಮುಳುಗಿತೆಂದು ಇನುಯಿಟರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತಾ ಬಂದಿದ್ದರು. ೨೦೧೪ರಲ್ಲಿ ಎರಿಬಸ್ ಹಡಗು ಆ ಸೀಮೆಯಲ್ಲಿಯೇ ಸಿಕ್ಕಿತು. ೨೦೧೬ರಲ್ಲಿ ಒಬ್ಬ ಇನುಯಿಟ್ ಬೇಟೆಗಾರನು, ಒಂದು ಕೊಲ್ಲಿಯ ನೀರ್ಗಲ್ಲಿನ ಮೇಲೆ ಕಂಬದಂಥದನ್ನು ಕಂಡಿದ್ದೆನೆಂದು ಹೇಳಲು, ಹುಡುಕುವವರು ಅಲ್ಲಿ ಹೋಗಿ ಟೆರರ್ ಹಡಗನ್ನು ಕಂಡರು. ಸಾಕ್ಷಿ ಹೇಳಿದವರು ನಂಬಿಗಸ್ತರೆಂದು ತೋರಿಬರುವದಕ್ಕೆ ೧೬೦ ವರುಷ ಹಿಡಿಯಿತು.

ದಾರಿಯನ್ನು ದಾಟಿದ ಸಣ್ಣ ದೋಣಿ

ಕಿಂಗ್ ವಿಲಿಯಮ್ ಒಂದು ದ್ವೀಪವೆಂದೂ ಅದರ ಪೂರ್ವಕ್ಕೆ ನೀರಿನ ದಾರಿಯುಂಟೆಂದೂ ಮೊದಲು ತಿಳಿಸಿದವರು ಅದೇ ರ‍ೇ ವೈದ್ಯರು. ಆ ಜಲಸಂಧಿಗೆ ಈಗ ಅವರ ಹೆಸರೇ ಇದೆ. ೧೯೦೩ರಲ್ಲಿ ನಾರ್ವೆ ದೇಶದ ರೋಲ್ಡ್ ಅಮುಂಡ್ಸೆನ್, ೪೭ ಟನ್ನಿನ ಮೀನುಹಿಡಿಯುವ ಹಳೇ ದೋಣಿಯಲ್ಲಿ ಆರು ಮಂದಿಯೊಡನೆ ಹೊರಟು ಆ ಪೂರ್ವದ ದಾರಿಯನ್ನು ಹಿಡಿದನು. ಕಿಂಗ್ ವಿಲಿಯಮ್ ದ್ವೀಪದಲ್ಲಿ ಎರಡು ಚಳಿಗಾಲ ನಿಂತು, ಇನುಯಿಟರ ಹತ್ತಿರ ಶಿಷ್ಯನಂತೆ ಕೂತು, ಬಟ್ಟೆ ಹೊಲಿಯುವದನ್ನೂ ನಾಯಿಬಂಡಿ ಓಡಿಸುವದನ್ನೂ ಹಿಮದ ಮನೆ ಕಟ್ಟುವದನ್ನೂ ಕಲಿತನು. ೧೯೦೬ರಲ್ಲಿ ಆ ದೋಣಿಯು ಪೆಸಿಫಿಕ್ ಸಾಗರವನ್ನು ಮುಟ್ಟಿತು. ೧೯೪೪ರಲ್ಲಿ ಕೆನಡಾ ಪೊಲೀಸರ ಸೇಂಟ್ ರಾಕ್ ಎಂಬ ಹಡಗು ಒಂದೇ ಬೇಸಿಗೆಯಲ್ಲಿ ಈ ಮಾರ್ಗವನ್ನು ದಾಟಿದಾಗ ಅದರಲ್ಲಿಯೂ ಒಂದು ಇನುಯಿಟ್ ಕುಟುಂಬವು ದಾರಿತೋರಿಸುತ್ತಾ ಇತ್ತು.

ಭೂಮಿಯು ಬಿಸಿಯೇರುತ್ತಿರುವದರಿಂದ ಈಗ ಆ ನೀರ್ಗಲ್ಲು ಹಿಂದಿಗಿಂತ ಕಡಿಮೆಯಾಗಿದೆ. ೨೦೦೭ರ ಬೇಸಿಗೆಯಲ್ಲಿ ಮಾರ್ಗವು ಕೆಲವು ವಾರ ಪೂರ್ಣವಾಗಿ ತೆರೆದಿತ್ತು. ಲಂಡನಿನಿಂದ ಜಪಾನಿಗೆ ಸುಯೆಜ್ ಕಾಲುವೆಯ ಮೂಲಕ ಸುಮಾರು ೧೩,೦೦೦ ಮೈಲು. ಈ ಮಾರ್ಗವಾಗಿ ಸುಮಾರು ೧೦,೦೦೦ ಮೈಲು. ಆದದರಿಂದ ದೊಡ್ಡ ರಾಜ್ಯಗಳ ಕಣ್ಣು ಅದರ ಮೇಲಿದೆ. ಕೆನಡಾ ಇದನ್ನು ತನ್ನ ಒಳನೀರೆಂದು ಹೇಳುವದು, ಅಮೇರಿಕಾ ಸರ್ವರ ದಾರಿಯೆಂದು ಹೇಳುವದು. ಆದರೂ ಉತ್ತರದಿಂದ ಹಳೇ ನೀರ್ಗಲ್ಲು ಇನ್ನೂ ತೇಲಿಬಂದು ಇಕ್ಕಟ್ಟಾದ ಸಂದುಗಳನ್ನು ಮುಚ್ಚುವದುಂಟು; ನಕ್ಷೆಯನ್ನು ಮಾತ್ರ ನಂಬಿ ಅಲ್ಲಿಗೆ ಹೋಗುವ ಹಡಗಿಗೆ ಇಂದಿಗೂ ಅಪಾಯ ತಪ್ಪದು.

ನಮಗೆ ಪಾಠ

ನಾವು ಫ್ರಾಂಕ್ಲಿನ್ ಸಾಹೇಬರನ್ನು ಹಳಿಯುವದಿಲ್ಲ. ಅವರು ತಾಳ್ಮೆಯುಳ್ಳವರು, ಕರ್ತವ್ಯದಲ್ಲಿ ನಂಬಿಗಸ್ತರು, ಹಸಿವೆಯಲ್ಲಿಯೂ ಪ್ರಾರ್ಥನೆಯನ್ನು ಬಿಡದವರು. ಆದರೆ ಅವರನ್ನು ಕಳುಹಿಸಿದ ದೊಡ್ಡ ರಾಜ್ಯವು ಕಬ್ಬಿಣವನ್ನೂ ಉಗಿಯನ್ನೂ ಪುಸ್ತಕವನ್ನೂ ನಂಬಿತು. ಆ ನೆಲದಲ್ಲಿ ಹುಟ್ಟಿ ಬೆಳೆದ ಬಡವರನ್ನು ಕೇಳಲಿಲ್ಲ, ಅವರಾಗಿ ಹೇಳಿದಾಗಲೂ ನಂಬಲಿಲ್ಲ. ಮಳೆಗಾಲದಲ್ಲಿ ಮುಲ್ಲಾಮಾರಿ ಹೊಳೆ ತುಂಬಿದಾಗ ಎಲ್ಲಿ ಕಾಲಿಡಬಹುದು, ಎಲ್ಲಿ ಮಡುವಿದೆ ಎಂಬದನ್ನು ದನಕಾಯುವ ಹುಡುಗನು ಬಲ್ಲನು. ಹೊಸಬನಾದ ಗಾಡಿಯವನು ಅವನನ್ನು ಕೇಳದೆ ಎತ್ತುಗಳನ್ನು ಇಳಿಸಿದರೆ ಆಗುವದೇನೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಮಾತನ್ನು ಯಾರೂ ನಂಬದಿದ್ದರೆ ಅದು ಎಂಥ ನೋವೆಂಬದನ್ನು ನಮ್ಮ ಸಭೆಗಳವರು ಬಲ್ಲರು. ನಮ್ಮ ಹಿರಿಯರು ಚಾವಡಿಯ ಕಟ್ಟೆಯನ್ನು ಹತ್ತದೆ ದೂರ ನಿಂತು ಮಾತಾಡಿದ ದಿನಗಳು ಬಹಳ ಹಿಂದಿನವಲ್ಲ. ಹೊಲದ ಗಡಿಯನ್ನು ಕಣ್ಣಾರೆ ಕಂಡವನು ಅವರೇ ಆಗಿದ್ದರೂ, ಸಾಕ್ಷಿಗೆ ಬೆಲೆ ಇನ್ನೊಬ್ಬರದೇ ಆಗಿತ್ತು. ಅಂಥವರನ್ನು ಕರ್ತನು ಕರೆದು ತನ್ನ ಸಾಕ್ಷಿಗಳನ್ನಾಗಿ ಮಾಡಿದನು. ಅರಾಮ್ಯರ ಸೇನಾಪತಿಯಾದ ನಾಮಾನನು ಸೆರೆಯಾದ ಒಬ್ಬ ಹುಡುಗಿಯ ಮಾತಿಗೆ ಕಿವಿಗೊಟ್ಟದ್ದರಿಂದ ಗುಣಹೊಂದಿದನು. ಕರ್ತನು ಎದ್ದಿದ್ದಾನೆಂಬ ಸುದ್ದಿಯನ್ನು ಮೊದಲು ತಂದವರು ಸ್ತ್ರೀಯರು. ಅಪೊಸ್ತಲರೇ ಅದನ್ನು ಹುಚ್ಚು ಮಾತೆಂದು ಎಣಿಸಿದರು. ಆದರೆ ಸಮಾಧಿಯು ಬರಿದಾಗಿಯೇ ಇತ್ತು.

ಆದರೆ ನಾವು ಇತರರನ್ನು ಮಾತ್ರ ನೋಡಿದರೆ ಸಾಲದು. ನಮ್ಮ ಸಭೆಯ ಪಂಚಾಯತಿಯಲ್ಲಿ ನಾವು ಯಾರ ಮಾತನ್ನು ಕೇಳುತ್ತೇವೆ? ಗಂಡನು ಕುಡಿದು ಹೊಡೆದನೆಂದು ಅಳುತ್ತಾ ಬಂದ ಹೆಂಗಸಿನ ಮಾತನ್ನು ತೂಗಿನೋಡುತ್ತೇವೋ, ಮನೆಯ ಮರ್ಯಾದೆ ಕೆಡುವದೆಂದು ಸುಮ್ಮನಿರಿಸುತ್ತೇವೋ? ಸಭೆಯ ಹಣದ ಲೆಕ್ಕವನ್ನು ಕೇಳುವ ಯೌವನಸ್ಥನಿಗೆ ಉತ್ತರ ಕೊಡುತ್ತೇವೋ, ಇಂಗ್ಲಂಡಿನವರು ರೇ ವೈದ್ಯರನ್ನು ಕಂಡಂತೆ ಅವನನ್ನು ವೈರಿಯೆಂದು ಕಾಣುತ್ತೇವೋ? ನಿನ್ನೆ ದೀಕ್ಷಾಸ್ನಾನ ಹೊಂದಿದವನು, ಓದು ಬಾರದ ವಿಧವೆ, ಕೂಲಿಗೆ ಹೋಗುವ ಹುಡುಗ, ಇವರಿಗೆ ಗೊತ್ತಿರುವ ದಾರಿಯು ಹಿರಿಯರಿಗೂ ಉಪದೇಶಿಗಳಿಗೂ ಗೊತ್ತಿರಲಿಕ್ಕಿಲ್ಲ. ಸತ್ಯವನ್ನು ಹೇಳುವದು ಎಷ್ಟು ಅವಶ್ಯವೋ, ಹೇಳುವವನು ಬಡವನಾಗಿದ್ದರೂ ಕೇಳುವದು ಅಷ್ಟೇ ಅವಶ್ಯ.

ಕಡೆಗೆ ಒಂದು ಸಂತೋಷದ ಸಂಗತಿ. ಆ ಇನುಯಿಟರಲ್ಲಿ ಹೆಚ್ಚಿನವರು ಈಗ ಕ್ರೈಸ್ತರು. ೧೯೯೯ರಿಂದ ನೂನವುಟ್ ಎಂಬ ಸೀಮೆಯಲ್ಲಿ ಅವರು ತಮ್ಮ ಆಡಳಿತವನ್ನು ತಾವೇ ನೋಡಿಕೊಳ್ಳುತ್ತಾರೆ. ೨೦೧೨ರಲ್ಲಿ ಪೂರ್ಣ ಸತ್ಯವೇದವು ಅವರ ಭಾಷೆಯಲ್ಲಿ ಪ್ರಕಟವಾಯಿತು. ನಾವು ಎರೆಹೊಲಗಳ ನಡುವೆ ಕನ್ನಡದಲ್ಲಿ ಓದುವ ವಾಕ್ಯವನ್ನೇ ಅವರು ಹಿಮದ ನಡುವೆ ತಮ್ಮ ನುಡಿಯಲ್ಲಿ ಓದುತ್ತಾರೆ. ಬರುವ ಭಾನುವಾರದ ಪ್ರಾರ್ಥನೆಯಲ್ಲಿ ಆ ದೂರದ ಸಹೋದರರನ್ನು ನೆನಸೋಣ. ನಮ್ಮ ಹತ್ತಿರವಿದ್ದು ಮಾತಾಡಲು ಹೆದರುವವರ ಮಾತನ್ನು ಕೇಳುವ ಕಿವಿಯನ್ನು ಕರ್ತನು ನಮಗೆ ಕೊಡಲೆಂದು ಬೇಡಿಕೊಳ್ಳೋಣ.